ಹತ್ತೊಂಬತ್ತರ ಜಾನಿ ವಿಲ್ಕಿನ್‌ಸನ್: 76–0 ಸೋಲು ಅವರನ್ನು ಬೆಳೆಸಿತೇ, ಅವರು ಅದರಿಂದ ಪಾರಾಗಿ ಬಂದರೇ?

ಹತ್ತನೇ ಅಂಗಿ

ಇಂಗ್ಲೆಂಡ್‌ನ ರಗ್ಬಿ ಆಟಗಾರ ಜಾನಿ ವಿಲ್ಕಿನ್‌ಸನ್ ಎಂದೊಡನೆ ಎಲ್ಲರ ಮಾತೂ 2003ರ ನವೆಂಬರ್ 22ಕ್ಕೆ, ಸಿಡ್ನಿಗೆ ಹೋಗಿ ನಿಲ್ಲುತ್ತದೆ. ವಿಶ್ವಕಪ್ ಫೈನಲ್, ಹೆಚ್ಚುವರಿ ಅವಧಿಯ ಕೊನೆಯ ನಿಮಿಷ, ಎಡಗಾಲಿನ ಆಟಗಾರ ಬಲಗಾಲಿನಲ್ಲಿ ಒದ್ದ ಡ್ರಾಪ್ ಗೋಲ್ (ಕೈಯಿಂದ ಬಿಟ್ಟ ಚೆಂಡು ನೆಲಕ್ಕೆ ತಾಗಿ ಪುಟಿದೊಡನೆ ಗೋಲು ಕಂಬಗಳ ನಡುವೆ ಒದೆಯುವುದು), ಆಸ್ಟ್ರೇಲಿಯಾ ವಿರುದ್ಧ 20–17. ಆ ಒಂದು ಒದೆತದ ಬಗ್ಗೆ ಬರೆಯಬೇಕಾದುದನ್ನೆಲ್ಲ ಬರೆದಾಗಿದೆ. ನಾನು ಚರ್ಚೆಗೆ ಎತ್ತುತ್ತಿರುವುದು ಅದಕ್ಕೂ ಆರು ವರ್ಷ ಮೊದಲು ಶಾಲೆಯಿಂದ ನೇರವಾಗಿ ಸಂಬಳದ ಆಟಕ್ಕೆ ಬಂದ ಹುಡುಗನನ್ನು.

ಮೊದಲು ಕಾಲವನ್ನು ಗಮನಿಸಬೇಕು. ರಗ್ಬಿ ಯೂನಿಯನ್ ಅಧಿಕೃತವಾಗಿ ವೃತ್ತಿಪರ ಆಟವಾದದ್ದು 1995ರ ಆಗಸ್ಟ್ 26ರಂದು, ಪ್ಯಾರಿಸ್‌ನಲ್ಲಿ. ಅಲ್ಲಿಯವರೆಗೆ ಇಂಗ್ಲೆಂಡ್ ಪರ ಆಡುತ್ತಿದ್ದವರಲ್ಲಿ ಪೊಲೀಸರಿದ್ದರು, ವಕೀಲರಿದ್ದರು, ಮೇಷ್ಟ್ರುಗಳಿದ್ದರು. ಹಗಲು ಕೆಲಸ, ಸಂಜೆ ಅಭ್ಯಾಸ, ಶನಿವಾರ ಪಂದ್ಯ. ಆ ತೀರ್ಮಾನವಾದಾಗ ವಿಲ್ಕಿನ್‌ಸನ್‌ಗೆ 16 ವರ್ಷ. ಶಾಲೆ ಮುಗಿಸಿ ಬೇರೆ ಯಾವ ನೌಕರಿಯನ್ನೂ ಹಿಡಿಯದೆ ರಗ್ಬಿಯನ್ನೇ ಉದ್ಯೋಗ ಮಾಡಿಕೊಂಡ ಮೊದಲ ತಲೆಮಾರು ಅವರದು. ಇಂಥ ಹುಡುಗನನ್ನು ಹೇಗೆ ಬೆಳೆಸಬೇಕು ಎಂಬುದಕ್ಕೆ ಆಗ ಯಾರ ಬಳಿಯೂ ಮಾದರಿ ಇರಲಿಲ್ಲ.

ಹ್ಯಾಂಪ್‌ಶೈರ್‌ನ ಲಾರ್ಡ್ ವಾಂಡ್ಸ್‌ವರ್ತ್ ಕಾಲೇಜಿನಲ್ಲಿ ಅವರಿಗೆ ಪಾಠ ಹೇಳಿದ ಸ್ಟೀವ್ ಬೇಟ್ಸ್ ಸ್ವತಃ ಇಂಗ್ಲೆಂಡ್‌ಗೆ ಆಡಿದ್ದವರು. ಬೇಟ್ಸ್ ಅವರು ಇಂಗ್ಲೆಂಡ್ ಆಟಗಾರ ರಾಬ್ ಆಂಡ್ರೂ ಜೊತೆ ನ್ಯೂಕಾಸಲ್ ಕ್ಲಬ್‌ಗೆ ಹೋದರು; ಆ ಪರಿಚಯದ ದಾರಿಯಲ್ಲೇ ಹುಡುಗನೂ 1997ರಲ್ಲಿ ಅಲ್ಲಿಗೆ ಹೋದ. ಡರ್ಹಮ್ ವಿಶ್ವವಿದ್ಯಾಲಯದಲ್ಲಿ ಸಿಕ್ಕಿದ್ದ ಸೀಟನ್ನು ಬಿಟ್ಟ. 1998ರ ಏಪ್ರಿಲ್ 4ರಂದು ಟ್ವಿಕೆನ್‌ಹ್ಯಾಮ್‌ನಲ್ಲಿ ಐರ್ಲೆಂಡ್ ವಿರುದ್ಧ ಬದಲಿ ಆಟಗಾರನಾಗಿ ಇಳಿದಾಗ ವಯಸ್ಸು 18 ವರ್ಷ 314 ದಿನ. ಅಷ್ಟು ಚಿಕ್ಕವರು ಇಂಗ್ಲೆಂಡ್ ಅಂಗಿ ತೊಟ್ಟು 71 ವರ್ಷಗಳಾಗಿದ್ದವು.

ಇಷ್ಟರವರೆಗೆ ಎಲ್ಲವೂ ಸರಿ. ಎರಡೇ ತಿಂಗಳಲ್ಲಿ, ಹಿರಿಯ ಆಟಗಾರರಲ್ಲಿ ಅನೇಕರು ಗಾಯ, ವಿಶ್ರಾಂತಿ ಎಂದು ಹಿಂದೆ ಉಳಿದಾಗ, ಕೋಚ್ ಕ್ಲೈವ್ ವುಡ್‌ವರ್ಡ್ ಎಳೆಯ ತಂಡವೊಂದನ್ನು ಕಟ್ಟಿಕೊಂಡು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಪ್ರವಾಸ ಹೊರಟರು. ಜೂನ್ 6, ಬ್ರಿಸ್ಬೇನ್: ಆಸ್ಟ್ರೇಲಿಯಾ 76, ಇಂಗ್ಲೆಂಡ್ 0. ಹನ್ನೊಂದು ಟ್ರೈ, ಅಂದರೆ ಹನ್ನೊಂದು ಸಲ ಆಸ್ಟ್ರೇಲಿಯಾದವರು ಗೋಲು ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರು. ಹತ್ತನೇ ನಂಬರಿನಲ್ಲಿ ನಿಂತು ಆ ತಂಡವನ್ನು ನಡೆಸಬೇಕಾಗಿದ್ದವನಿಗೆ 19 ತುಂಬಿ ಹನ್ನೆರಡು ದಿನಗಳಾಗಿದ್ದವು. ಈ ಪ್ರವಾಸವನ್ನು ಇಂಗ್ಲೆಂಡ್‌ನಲ್ಲಿ ಇಂದಿಗೂ ‘ನರಕದ ಪ್ರವಾಸ’ ಎಂದೇ ಕರೆಯುತ್ತಾರೆ.

ಆ ಸೋಲೇ ವಿಲ್ಕಿನ್‌ಸನ್‌ನನ್ನು ಮಹಾನ್ ಆಟಗಾರನನ್ನಾಗಿ ಮಾಡಿತು ಎಂಬ ಮಾತನ್ನು ಎಲ್ಲೆಡೆ ಓದುತ್ತೇನೆ. ನಾನು ಅದನ್ನು ಒಪ್ಪುವುದಿಲ್ಲ. ಅವರನ್ನು ಬೆಳೆಸಿದ್ದು ನ್ಯೂಕಾಸಲ್. ಬ್ರಿಸ್ಬೇನ್‌ನಿಂದ ಅವರು ಪಾರಾಗಿ ಬಂದರು, ಅಷ್ಟೇ. ನೀವೆಲ್ಲ ಏನು ಹೇಳುತ್ತೀರಿ?

ಹೊಸ ನೋಡುಗ

ನಮಸ್ಕಾರ. 2025ರ ಜೂನ್‌ನಲ್ಲಿ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಟ ನೋಡಿದ ಮೇಲೆ ನನಗೆ ಈ ಆಟದ ರುಚಿ ಹತ್ತಿತು. ಆದರೆ ಅದು ಏಳು ಜನರ ಆಟ. ಹದಿನೈದು ಜನರ ಆಟದಲ್ಲಿ ಹತ್ತನೇ ನಂಬರಿಗೆ ಯಾಕೆ ಇಷ್ಟು ಮಹತ್ವ? ಯಾರಾದರೂ ಬಿಡಿಸಿ ಹೇಳಿ.

ಹತ್ತನೇ ಅಂಗಿ

ಸ್ವಾಗತ. ಹದಿನೈದರಲ್ಲಿ ಮೊದಲ ಎಂಟು ನಂಬರಿನವರು ಫಾರ್ವರ್ಡ್‌ಗಳು. ಸ್ಕ್ರಮ್‌ನಲ್ಲಿ ತಳ್ಳಾಡಿ ಚೆಂಡು ಗೆದ್ದು ಕೊಡುವುದು ಅವರ ಕೆಲಸ. ಒಂಬತ್ತು ಸ್ಕ್ರಮ್ ಹಾಫ್, ಚೆಂಡನ್ನು ಎತ್ತಿ ಹೊರಗೆ ದಾಟಿಸುವವನು. ಹತ್ತು ಫ್ಲೈ ಹಾಫ್. ಚೆಂಡು ಕೈಗೆ ಬಂದ ಕ್ಷಣದಲ್ಲೇ ಓಡಬೇಕೋ, ಪಾಸ್ ಕೊಡಬೇಕೋ, ಎದುರಾಳಿಯ ಬೆನ್ನ ಹಿಂದಕ್ಕೆ ಒದೆಯಬೇಕೋ ಎಂದು ತೀರ್ಮಾನಿಸುವವನು ಅವನು. ಇಡೀ ತಂಡದ ಆಟ ಅವನ ಆ ತೀರ್ಮಾನದ ಹಿಂದೆ ಹೋಗುತ್ತದೆ. ಬಹಳ ತಂಡಗಳಲ್ಲಿ ಗೋಲಿಗೆ ಒದೆಯುವ ಹೊಣೆಯೂ ಅವನದೇ. ಟ್ರೈಗೆ 5 ಅಂಕ, ಟ್ರೈ ಆದ ಮೇಲೆ ಗೋಲಿಗೆ ಒದೆಯುವ ಕನ್ವರ್ಷನ್‌ಗೆ 2, ಎದುರಾಳಿ ನಿಯಮ ಮುರಿದಾಗ ಸಿಗುವ ಪೆನಾಲ್ಟಿ ಒದೆತಕ್ಕೆ 3, ಡ್ರಾಪ್ ಗೋಲ್‌ಗೆ 3. ಹಾಗಾಗಿ ತಂಡ ಸೋತರೆ ಮೊದಲು ಬೆರಳು ತೋರುವುದೂ ಅವನ ಕಡೆಗೇ.

ಹಾಸನದ ಪಿ.ಟಿ. ಮೇಷ್ಟ್ರು

ಹತ್ತನೇ ಅಂಗಿಯವರೇ, ಬರಹ ಚೆನ್ನಾಗಿದೆ, ಆದರೆ ನನ್ನ ಅನುಭವ ಬೇರೆ ಮಾತು ಹೇಳುತ್ತದೆ. ಹೈಸ್ಕೂಲ್ ಮಕ್ಕಳಿಗೆ ಕಬಡ್ಡಿ, ವಾಲಿಬಾಲ್ ಕಲಿಸುತ್ತಲೇ ನನ್ನ ನೌಕರಿ ಸವೆದಿದೆ. ತಾಲ್ಲೂಕು ಮಟ್ಟದಲ್ಲಿ ಎಲ್ಲವನ್ನೂ ಗೆದ್ದು ಬೀಗುವ ಹುಡುಗ ವಿಭಾಗ ಮಟ್ಟದಲ್ಲಿ ಹೀನಾಯವಾಗಿ ಸೋತು ಬಂದ ಮೇಲೆಯೇ ಕಲಿಯಲು ಕಿವಿ ತೆರೆಯುತ್ತಾನೆ. ಅದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ವಿಲ್ಕಿನ್‌ಸನ್ ವಿಷಯದಲ್ಲೂ ಪುರಾವೆ ಕಣ್ಣ ಮುಂದಿದೆ. 1998ರ ಆ ಪ್ರವಾಸಕ್ಕೆ ಹೋದವರಲ್ಲಿ ನಾಲ್ವರು, ಮ್ಯಾಟ್ ಡಾಸನ್, ಫಿಲ್ ವಿಕರಿ, ಜಾಶ್ ಲ್ಯೂಸಿ ಮತ್ತು ವಿಲ್ಕಿನ್‌ಸನ್, ಐದು ವರ್ಷಗಳ ನಂತರ ಅದೇ ಆಸ್ಟ್ರೇಲಿಯಾದ ನೆಲದಲ್ಲಿ, ಅದೇ ತಂಡದ ಎದುರು ವಿಶ್ವಕಪ್ ಫೈನಲ್‌ನ ಮೊದಲ ಹದಿನೈದರಲ್ಲಿ ಆಡಿ ಗೆದ್ದರು. ಬೆಂಕಿಯಲ್ಲಿ ಬೆಂದವರೇ ಗಟ್ಟಿಯಾದರು. ಹುಡುಗರನ್ನು ಸೋಲಿನಿಂದ ಬಚ್ಚಿಟ್ಟು ಬೆಳೆಸಬೇಕು ಎನ್ನುವ ವಾದ ನನಗೆ ರುಚಿಸುವುದಿಲ್ಲ.

ಅಂಕಿ ಅಂಶ

ಮೇಷ್ಟ್ರೇ, ಗೌರವದಿಂದಲೇ ಒಂದು ಮಾತು. ಗೆದ್ದ ನಾಲ್ವರನ್ನು ಎಣಿಸಿದಿರಿ. ಉಳಿದವರ ಕಥೆ? ಸ್ಟುವರ್ಟ್ ಪಾಟರ್, ರಿಚರ್ಡ್ ಪೂಲ್-ಜೋನ್ಸ್, ಸ್ಕಾಟ್ ಬೆಂಟನ್, ಈ ಮೂವರಿಗೂ ಬ್ರಿಸ್ಬೇನ್‌ನ ಆ ಪಂದ್ಯವೇ ಮೊದಲ ಟೆಸ್ಟ್ (ದೇಶದ ತಂಡಗಳ ನಡುವಿನ ಪಂದ್ಯ), ಅದೇ ಕೊನೆಯ ಟೆಸ್ಟ್. ಆ ಪ್ರವಾಸದಲ್ಲಿ ಇಂಗ್ಲೆಂಡ್ ಆಡಿದ ಏಳು ಪಂದ್ಯಗಳಲ್ಲಿ ಏಳನ್ನೂ ಸೋತಿತು. ಟೆಸ್ಟ್‌ಗಳನ್ನಷ್ಟೇ ಹೇಳುವುದಾದರೆ, ಆಸ್ಟ್ರೇಲಿಯಾ ಆದ ಮೇಲೆ ನ್ಯೂಜಿಲೆಂಡ್ ವಿರುದ್ಧ 64–22, 40–10, ದಕ್ಷಿಣ ಆಫ್ರಿಕಾ ವಿರುದ್ಧ 18–0. ಬೆಂಕಿಗೆ ಬಿದ್ದವರಲ್ಲಿ ಹೆಚ್ಚಿನವರು ಸುಟ್ಟೇ ಹೋದರು. ಉಳಿದುಕೊಂಡವರನ್ನಷ್ಟೇ ಮುಂದೆ ನಿಲ್ಲಿಸಿ ಬೆಂಕಿಯನ್ನು ಹೊಗಳುವುದು ನ್ಯಾಯವಲ್ಲ. ವಿಲ್ಕಿನ್‌ಸನ್ ಕೂಡ ನ್ಯೂಜಿಲೆಂಡ್ ವಿರುದ್ಧದ ಮೊದಲ ಟೆಸ್ಟ್ ಆದ ಮೇಲೆ ಆ ಪ್ರವಾಸದ ಇನ್ನಾವ ಟೆಸ್ಟ್‌ನಲ್ಲೂ ಇಳಿಯಲಿಲ್ಲ.

ಟೈನ್ ನದಿಯ ದಡದಿಂದ

ನಾನು ನ್ಯೂಕಾಸಲ್‌ನಲ್ಲೇ ನೆಲೆಸಿರುವ ಶಿವಮೊಗ್ಗದವಳು. ಕಿಂಗ್‌ಸ್ಟನ್ ಪಾರ್ಕ್ ಕ್ರೀಡಾಂಗಣಕ್ಕೆ ಮೆಟ್ರೊದಲ್ಲೇ ಹೋಗಿಬರಬಹುದು. ಆ ಕ್ಲಬ್ಬನ್ನು ಈಗ ರೆಡ್ ಬುಲ್ ಕೊಂಡು ಹೆಸರನ್ನೂ ಬದಲಿಸಿದೆ, ಆದರೆ ಇಲ್ಲಿನ ಹಳಬರು ಮಾತಿಗೆ ಕುಳಿತರೆ ಬರುವುದು 1998ರ ತಂಡವೇ. ಹತ್ತನೇ ಅಂಗಿಯವರು ‘ಬೆಳೆಸಿದ್ದು ನ್ಯೂಕಾಸಲ್’ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದಾರೆ. ಅದನ್ನು ಸ್ವಲ್ಪ ಬಿಡಿಸುತ್ತೇನೆ, ಏಕೆಂದರೆ ಈ ಚರ್ಚೆಯ ತಿರುಳು ಅಲ್ಲಿದೆ ಎಂದು ನನಗೆ ಅನಿಸುತ್ತದೆ.

ನ್ಯೂಕಾಸಲ್ ಯುನೈಟೆಡ್ ಫುಟ್‌ಬಾಲ್ ಕ್ಲಬ್‌ನ ಸರ್ ಜಾನ್ ಹಾಲ್ ಅವರು ಆಟ ವೃತ್ತಿಪರವಾದ ಕೂಡಲೇ ಈ ಊರಿನ ರಗ್ಬಿ ಕ್ಲಬ್ಬಿಗೆ ಹಣ ಸುರಿದರು. ರಾಬ್ ಆಂಡ್ರೂ ಲಂಡನ್ನಿನ ವಾಸ್ಪ್ಸ್ ಬಿಟ್ಟು ಬಂದು ಚುಕ್ಕಾಣಿ ಹಿಡಿದರು. ಸಮೋವಾದ ವಾಯ್ಗಾ ಟುಯಿಗಮಾಲಾ ಮತ್ತು ಪ್ಯಾಟ್ ಲ್ಯಾಮ್, ಸ್ಕಾಟ್ಲೆಂಡ್‌ನ ಗ್ಯಾರಿ ಆರ್ಮ್‌ಸ್ಟ್ರಾಂಗ್, ಡಾಡಿ ವಿಯರ್, ಅಲನ್ ಟೇಟ್, ನಾಯಕನ ಹೊಣೆಗೆ ಡೀನ್ ರಯನ್. ಎರಡನೇ ಹಂತದಿಂದ ಮೇಲೇರಿದ ಮೊದಲ ಋತುವಿನಲ್ಲೇ, 1997–98ರಲ್ಲಿ, ಈ ತಂಡ ಇಂಗ್ಲೆಂಡ್‌ನ ಲೀಗ್ ಗೆದ್ದಿತು. ಹದಿನೆಂಟರ ಹುಡುಗ ಬಂದು ಕೂತದ್ದು ಇಂಥ ಡ್ರೆಸ್ಸಿಂಗ್ ರೂಮಿನಲ್ಲಿ.

ಈಗ ಮುಖ್ಯವಾದ ಸಂಗತಿ. ಆ ಋತುವಿನಲ್ಲಿ ನ್ಯೂಕಾಸಲ್‌ನ ಹತ್ತನೇ ಅಂಗಿ ರಾಬ್ ಆಂಡ್ರೂ ಅವರದೇ. ಇಂಗ್ಲೆಂಡ್‌ಗೆ ಎಪ್ಪತ್ತಕ್ಕೂ ಹೆಚ್ಚು ಟೆಸ್ಟ್ ಆಡಿದ ಫ್ಲೈ ಹಾಫ್ ಅವರು. ಅಂದರೆ ಹುಡುಗ ಯಾರ ಜಾಗಕ್ಕೆ ಬರಬೇಕಾಗಿತ್ತೋ ಅವರೇ ಅವನಿಗೆ ಕೆಲಸ ಕೊಟ್ಟವರು, ಅವರೇ ಪಕ್ಕದಲ್ಲಿ ನಿಂತು ಆಟ ತೋರಿಸಿಕೊಟ್ಟವರು. ಜಾಗಕ್ಕಾಗಿ ಜಗಳವಿಲ್ಲ, ಅವಸರವೂ ಇಲ್ಲ. ದೇಹವನ್ನು ಹದಗೊಳಿಸಲು ಸ್ಟೀವ್ ಬ್ಲ್ಯಾಕ್ ಇದ್ದರು. ತರಬೇತುದಾರನಾಗಿ ಆರಂಭವಾದ ಆ ನಂಟು ಮುಂದೆ ಮನೆಯ ಹಿರಿಯನ ನಂಟಿನಂತೆ ಬೆಳೆಯಿತು. ಅಣ್ಣ ಮಾರ್ಕ್ ಕೂಡ ಅದೇ ಕ್ಲಬ್‌ನಲ್ಲಿ ಆಡಿದರು.

ಬ್ರಿಸ್ಬೇನ್ ಬಗ್ಗೆ ನನ್ನ ನಿಲುವು ಇಷ್ಟೇ. ಸೋಲು ಪಾಠ ಕಲಿಸುತ್ತದೋ ಇಲ್ಲವೋ ಎಂಬುದು ಸೋತ ಮೇಲೆ ಹುಡುಗ ಯಾರ ಬಳಿಗೆ ಮರಳುತ್ತಾನೆ ಎಂಬುದರ ಮೇಲಿದೆ. ವಿಲ್ಕಿನ್‌ಸನ್‌ಗೆ ಮರಳಲು ಇಂಥ ಜನ ಇದ್ದರು. ಆ ತಂಡದ ಉಳಿದ ಹೊಸಬರಿಗೆಲ್ಲ ಆ ಭಾಗ್ಯ ಇರಲಿಲ್ಲ.

ಹಾಸನದ ಪಿ.ಟಿ. ಮೇಷ್ಟ್ರು

ತಾಯಿ, ನಿಮ್ಮ ಮಾತಿನಲ್ಲಿ ತೂಕವಿದೆ. ಆದರೂ ಕೇಳುತ್ತೇನೆ: ಆ ಸೋಲು ಇಲ್ಲದೆ ಹೋಗಿದ್ದರೆ ಅಷ್ಟು ಹಠ ಬರುತ್ತಿತ್ತೇ?

ಹತ್ತನೇ ಅಂಗಿ

ಮೇಷ್ಟ್ರೇ, ಹಠ ಮೊದಲೇ ಇತ್ತು, ಅದಕ್ಕೆ ಬ್ರಿಸ್ಬೇನ್ ಬೇಕಿರಲಿಲ್ಲ. ಒದೆತದ ತರಬೇತುದಾರ ಡೇವ್ ಆಲ್ರೆಡ್ ಅವರ ಕೈಗೆ ವಿಲ್ಕಿನ್‌ಸನ್ ಸಿಕ್ಕಿದ್ದು ಶಾಲೆಯ ದಿನಗಳಲ್ಲೇ. ಆಲ್ರೆಡ್ ಕಲಿಸಿದ ಒಂದು ಉಪಾಯ ಕೇಳಿ. ಗೋಲು ಕಂಬಗಳ ಹಿಂದಿನ ಗ್ಯಾಲರಿಯಲ್ಲಿ ಡೋರಿಸ್ ಎಂಬ ಕಾಲ್ಪನಿಕ ಹೆಂಗಸು ಕುಳಿತಿದ್ದಾಳೆ ಎಂದುಕೊಳ್ಳಬೇಕು. ಎರಡು ಕಂಬಗಳ ನಡುವಿನ ಅಗಲವಾದ ಜಾಗಕ್ಕೆ ಗುರಿ ಇಡುವುದಲ್ಲ, ಅವಳ ಕೈಯಲ್ಲಿರುವ ಡಬ್ಬಿಗೆ ತಾಗುವಂತೆ ಒದೆಯಬೇಕು. ಗುರಿ ಅಷ್ಟು ಚಿಕ್ಕದಾದರೆ ತಪ್ಪಿದರೂ ಚೆಂಡು ಕಂಬಗಳ ನಡುವೆಯೇ ಹೋಗುತ್ತದೆ. ಒದೆಯುವ ಮುನ್ನ ಎರಡೂ ಅಂಗೈ ಜೋಡಿಸಿ, ಮೊಣಕಾಲು ಬಾಗಿಸಿ ನಿಲ್ಲುತ್ತಿದ್ದ ಆ ಭಂಗಿಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಮಿಕ್ಕವರೆಲ್ಲ ಮನೆಗೆ ಹೋದ ಮೇಲೂ ಅವರು ಮೈದಾನದಲ್ಲೇ ಇರುತ್ತಿದ್ದರು. ಕೊನೆಯ ಆರು ಒದೆತಗಳು ಮನಸ್ಸಿಗೆ ಒಪ್ಪುವಂತೆ ಬೀಳದೆ ಅಭ್ಯಾಸ ಮುಗಿಯುತ್ತಿರಲಿಲ್ಲ. ಐದನೆಯದು ಅಂಚಿಗೆ ಸರಿದರೆ ಮತ್ತೆ ಮೊದಲಿನಿಂದ. ಇಂಥ ಹುಡುಗನಿಗೆ ‘ಇನ್ನೂ ದುಡಿ’ ಎಂದು ಹೇಳುವ ಸೋಲು ಬೇಕಾಗಿರಲಿಲ್ಲ. ‘ಇವತ್ತಿಗೆ ಸಾಕು, ಹೊರಡು’ ಎಂದು ಹೇಳುವವರು ಬೇಕಾಗಿತ್ತು.

ಪ್ರವಾಸದ ನಂತರ ವುಡ್‌ವರ್ಡ್ ಮಾಡಿದ್ದನ್ನು ಗಮನಿಸಿ. ಹತ್ತನೇ ನಂಬರನ್ನು ಕೂಡಲೇ ಅವರ ಹೆಗಲಿಗೆ ಹಾಕಲಿಲ್ಲ. 1999ರ ಫೈವ್ ನೇಷನ್ಸ್‌ನಲ್ಲಿ (ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್, ಫ್ರಾನ್ಸ್ ಆಡುತ್ತಿದ್ದ ವಾರ್ಷಿಕ ಪಂದ್ಯಾವಳಿ) ಹನ್ನೆರಡನೇ ನಂಬರಿನಲ್ಲಿ, ಅಂದರೆ ಫ್ಲೈ ಹಾಫ್‌ನ ಪಕ್ಕದ ಸ್ಥಾನದಲ್ಲಿ ಆಡಿಸಿದರು. ಗೋಲಿಗೆ ಒದೆಯುವ ಕೆಲಸ ಮಾತ್ರ ಕೊಟ್ಟರು. ಸ್ಕಾಟ್ಲೆಂಡ್ ವಿರುದ್ಧ 24–21ರಿಂದ ಗೆದ್ದ ಪಂದ್ಯದಲ್ಲಿ ಮೂರು ಕನ್ವರ್ಷನ್, ಒಂದು ಪೆನಾಲ್ಟಿ, ಒಂದೂ ತಪ್ಪಲಿಲ್ಲ. ಗೆಲುವಿನ ಅಂತರ ಮೂರೇ ಅಂಕ ಎಂಬುದನ್ನು ಗಮನಿಸಿ. ಅದೇ ವರ್ಷದ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಅವರನ್ನು ಬೆಂಚಿನ ಮೇಲೆ ಕೂರಿಸಿ ಪಾಲ್ ಗ್ರೇಸನ್‌ರನ್ನು ಆಡಿಸಿದರು. ದಕ್ಷಿಣ ಆಫ್ರಿಕಾದ ಯಾನಿ ಡಿ ಬೀರ್ ಒಂದೇ ಪಂದ್ಯದಲ್ಲಿ ಐದು ಡ್ರಾಪ್ ಗೋಲ್ ಹೊಡೆದು ಇಂಗ್ಲೆಂಡನ್ನು 44–21ರಿಂದ ಮನೆಗೆ ಕಳುಹಿಸಿದ ದಿನ ಅದು. ಬೆಂಚಿನ ಮೇಲೆ ಕುಳಿತು ಡ್ರಾಪ್ ಗೋಲ್‌ನ ಬೆಲೆಯನ್ನು ಅಷ್ಟು ಹತ್ತಿರದಿಂದ ಕಂಡವರು ನಾಲ್ಕು ವರ್ಷಗಳ ಮೇಲೆ ಸಿಡ್ನಿಯಲ್ಲಿ ಏನು ಮಾಡಿದರೆಂಬುದು ಎಲ್ಲರಿಗೂ ಗೊತ್ತು.

ನನ್ನ ದೃಷ್ಟಿಯಲ್ಲಿ ಈ ಬೆಂಚಿನ ದಿನ, ಆ ಹನ್ನೆರಡನೇ ನಂಬರಿನ ಪಂದ್ಯಗಳು ಬ್ರಿಸ್ಬೇನ್‌ಗಿಂತ ಹೆಚ್ಚು ಕಲಿಸಿದವು. ಪಾತಿಯಲ್ಲಿ ಬಲಿಯದ ಪೈರನ್ನು ಸುಡುಬಿಸಿಲಿನಲ್ಲಿ ಕಿತ್ತು ನಾಟಿ ಮಾಡಿದರೆ ಕೆಲವು ಬದುಕಬಹುದು. ಹಾಗೆಂದು ಯಾವ ರೈತನೂ ಬಿಸಿಲು ಹುಡುಕಿಕೊಂಡು ನಾಟಿ ಮಾಡುವುದಿಲ್ಲ.

ಅಂಕಿ ಅಂಶ

ಸ್ಕಾಟ್ಲೆಂಡ್ ಪಂದ್ಯದ ಮಾತು ಬಂದದ್ದರಿಂದ, ನಮಗೆ ನಂಟಿರುವ ಒಂದು ವಿವರ ಹೇಳಿಬಿಡುತ್ತೇನೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಸೆಣಸುವುದು ಕಲ್ಕತ್ತಾ ಕಪ್‌ಗಾಗಿ. ಕಲ್ಕತ್ತಾದಲ್ಲಿ 1873ರಲ್ಲಿ ಹುಟ್ಟಿದ ರಗ್ಬಿ ಕ್ಲಬ್ ಐದೇ ವರ್ಷಗಳಲ್ಲಿ ಮುಚ್ಚಿದಾಗ, ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ತೆಗೆದು ಕರಗಿಸಿ ಮಾಡಿಸಿದ ಬಟ್ಟಲು ಅದು. ಹಿಡಿಕೆಗಳು ಮೂರು ನಾಗರಹಾವುಗಳು, ಮುಚ್ಚಳದ ಮೇಲೆ ಆನೆ. 1879ರಿಂದ ಅದಕ್ಕಾಗಿ ಆಟ ನಡೆಯುತ್ತಿದೆ.

ವಿಲ್ಕಿನ್‌ಸನ್ ಬದುಕಿನ ತಿರುವುಗಳಲ್ಲಿ ಈ ಬಟ್ಟಲು ಮತ್ತೆ ಮತ್ತೆ ಎದುರಾಗುತ್ತದೆ. 2000ದ ಏಪ್ರಿಲ್‌ನಲ್ಲಿ ಇಂಗ್ಲೆಂಡ್‌ನವರಿಗೆ ಗ್ರ್ಯಾಂಡ್ ಸ್ಲ್ಯಾಮ್‌ಗೆ (ಪಂದ್ಯಾವಳಿಯ ಎಲ್ಲ ಪಂದ್ಯಗಳನ್ನೂ ಗೆಲ್ಲುವುದಕ್ಕೆ) ಒಂದೇ ಗೆಲುವು ಬಾಕಿ ಇದ್ದಾಗ, ಎಡಿನ್‌ಬರೋದ ಮರೇಫೀಲ್ಡ್‌ನ ಸುರಿಮಳೆಯಲ್ಲಿ 19–13ರಿಂದ ಸೋತರು. ಸ್ಕಾಟ್ಲೆಂಡ್‌ನ ಹತ್ತೊಂಬತ್ತೂ ಅಂಕ ಡಂಕನ್ ಹಾಜ್ ಒಬ್ಬರದೇ. 2003ರ ಫೈನಲ್ ನಂತರ ಗಾಯಗಳಿಂದ 1,169 ದಿನ ಇಂಗ್ಲೆಂಡ್‌ಗೆ ಆಡಲಾಗದೆ, 2007ರ ಫೆಬ್ರುವರಿ 3ರಂದು ಮರಳಿದ್ದೂ ಕಲ್ಕತ್ತಾ ಕಪ್ ಪಂದ್ಯಕ್ಕೇ. ಆ ದಿನ 27 ಅಂಕ: ಟ್ರೈ, ಕನ್ವರ್ಷನ್, ಪೆನಾಲ್ಟಿ, ಡ್ರಾಪ್ ಗೋಲ್, ನಾಲ್ಕೂ ಬಗೆಯಲ್ಲಿ.

ಮೈಸೂರಿನ ಫಿಸಿಯೋ

1,169 ದಿನ ಎಂಬ ಆ ಅಂಕಿಯ ಬಳಿ ಸ್ವಲ್ಪ ನಿಲ್ಲಿ. ಇಲ್ಲಿಯವರೆಗಿನ ಮಾತೆಲ್ಲ ಮನಸ್ಸು, ಹಠ, ಪಾಠಗಳ ಸುತ್ತಲೇ ಇದೆ. ದೇಹದ ಲೆಕ್ಕವನ್ನು ಯಾರೂ ತೆಗೆಯಲಿಲ್ಲ.

ಹಿಂದೆಲ್ಲ ಫ್ಲೈ ಹಾಫ್‌ಗಳು ಮೈಗೆ ಮೈ ಕೊಡುವ ಕೆಲಸವನ್ನು ಪಕ್ಕದ ದೊಡ್ಡ ಮೈಕಟ್ಟಿನವರಿಗೆ ಬಿಟ್ಟುಬಿಡುತ್ತಿದ್ದರು. ವಿಲ್ಕಿನ್‌ಸನ್ ಹಾಗಲ್ಲ. ತನಗಿಂತ ದೊಡ್ಡವರ ಎದೆಗೆ ನೇರವಾಗಿ ಭುಜ ಕೊಡುತ್ತಿದ್ದರು. 2000ದ ಫೆಬ್ರುವರಿಯಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸ್‌ನ ಎಮಿಲ್ ಎನ್‌ಟಮಾಕ್ ಅವರನ್ನು ಹಿಂದಕ್ಕೆ ಎತ್ತಿ ಕೆಡವಿದ ಟ್ಯಾಕಲ್ ಇಂದಿಗೂ ಹೊಗಳಿಕೆಗೆ ಪಾತ್ರವಾಗಿದೆ. ಇಂಗ್ಲೆಂಡ್ 15–9ರಿಂದ ಗೆದ್ದ ಪಂದ್ಯ, ಹದಿನೈದೂ ಅಂಕ ಅವರ ಕಾಲಿನಿಂದಲೇ ಬಂದವು. ಅದನ್ನು ನೋಡುವಾಗ ನನ್ನ ಕಣ್ಣು ಅವರ ಕುತ್ತಿಗೆಯ ಮೇಲಿರುತ್ತದೆ. ಭುಜಕ್ಕೆ ಬಿದ್ದ ಹೊಡೆತ ಕುತ್ತಿಗೆಯ ನರಗಳನ್ನು ಎಳೆಯುತ್ತದೆ. ಕೈಯುದ್ದಕ್ಕೂ ಉರಿ, ಆಮೇಲೆ ಜೋಮು. ಒಮ್ಮೆ ಆದರೆ ಸರಿಹೋಗುತ್ತದೆ. ಮತ್ತೆ ಮತ್ತೆ ಆದರೆ ತೋಳಿನ ಬಲವೇ ಕುಂದುತ್ತದೆ. 2004ರ ಆರಂಭದಲ್ಲಿ, 24ರ ವಯಸ್ಸಿನಲ್ಲಿ, ಅವರಿಗೆ ಕುತ್ತಿಗೆಯ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ತೋಳು, ಮಂಡಿ, ಹರ್ನಿಯಾ, ಮೂತ್ರಪಿಂಡದ ಗಾಯ, ಒಂದರ ಹಿಂದೆ ಒಂದು.

ಹದಿನೆಂಟರಲ್ಲಿ ಎಲುಬಿನ ಉದ್ದ ಬೆಳೆದಿರುತ್ತದೆ, ಆದರೆ ಕುತ್ತಿಗೆ, ಬೆನ್ನಿನ ಸ್ನಾಯುಗಳು ದೊಡ್ಡವರ ಆಟದ ಡಿಕ್ಕಿಗೆ ಸಿದ್ಧವಾಗಲು ಇನ್ನೂ ಕೆಲವು ವರ್ಷ ಬೇಕು. ಆ ಕಾಲದ ವೃತ್ತಿಪರ ಕ್ಲಬ್‌ಗಳು ಹುಡುಗರ ದೇಹವನ್ನು ಬಲಪಡಿಸಿದಷ್ಟು ಶ್ರದ್ಧೆಯಿಂದ ಡಿಕ್ಕಿಗಳನ್ನು ಎಣಿಸಲಿಲ್ಲ. 2003ರ ಫೈನಲ್‌ನಲ್ಲಿ ಹೂಕರ್ (ಸ್ಕ್ರಮ್‌ನ ಮುಂಸಾಲಿನ ನಡುವೆ ನಿಲ್ಲುವವನು) ಆಗಿದ್ದ ಸ್ಟೀವ್ ಥಾಂಪ್ಸನ್ 42ನೇ ವಯಸ್ಸಿನಲ್ಲಿ ತನಗೆ ಡಿಮೆನ್ಷಿಯಾ ಆರಂಭವಾಗಿದೆ ಎಂದು 2020ರ ಡಿಸೆಂಬರ್‌ನಲ್ಲಿ ಹೇಳಿಕೊಂಡರು. ಆ ವಿಶ್ವಕಪ್ ಗೆದ್ದದ್ದೇ ಅವರಿಗೆ ನೆನಪಿಲ್ಲ. ಮೇಷ್ಟ್ರೇ, ಸೋಲಿನಲ್ಲಿ ಬೆಂದು ಗಟ್ಟಿಯಾಗುವುದು ಎನ್ನುವಾಗ ಈ ಮಾತನ್ನೂ ದಯವಿಟ್ಟು ಪಕ್ಕದಲ್ಲಿ ಇಟ್ಟುಕೊಳ್ಳಿ.

ವಿಲ್ಕಿನ್‌ಸನ್ ಕೂಡ ಆಡುವ ದಿನಗಳಲ್ಲಿ ತನ್ನನ್ನು ಹಿಂಡಿದ ಆತಂಕದ ಬಗ್ಗೆ, ತಪ್ಪೇ ಆಗಬಾರದೆಂಬ ಹಂಬಲದ ಬಗ್ಗೆ ಈಗ ಬಿಚ್ಚುಮನಸ್ಸಿನಿಂದ ಮಾತನಾಡುತ್ತಾರೆ. ಹತ್ತನೇ ಅಂಗಿಯವರು ಹೇಳಿದ ಆ ಕೊನೆಯ ಆರು ಒದೆತಗಳನ್ನು ನಾನು ಸಾಧನೆ ಎಂದಷ್ಟೇ ಓದಲಾರೆ.

ಹಾಸನದ ಪಿ.ಟಿ. ಮೇಷ್ಟ್ರು

ಥಾಂಪ್ಸನ್ ಅವರ ವಿಷಯ ಓದಿ ಮನಸ್ಸು ಭಾರವಾಯಿತು. ದೇಹದ ಲೆಕ್ಕದಲ್ಲಿ ನಿಮ್ಮ ಮಾತಿಗೆ ಎದುರಾಡುವುದಿಲ್ಲ.

ಆದರೆ ಸೋಲಿನ ಬಗ್ಗೆ ನನ್ನ ನಂಬಿಕೆ ಅಲುಗಿಲ್ಲ. 2000ದ ಜೂನ್ 24, ಬ್ಲೂಮ್‌ಫಾಂಟೇನ್. ದಕ್ಷಿಣ ಆಫ್ರಿಕಾ 22, ಇಂಗ್ಲೆಂಡ್ 27. ಇಂಗ್ಲೆಂಡ್ ಒಂದು ಟ್ರೈ ಕೂಡ ಗಳಿಸಲಿಲ್ಲ. ಎಂಟು ಪೆನಾಲ್ಟಿ, ಒಂದು ಡ್ರಾಪ್ ಗೋಲ್, ಎಲ್ಲವೂ ಇಪ್ಪತ್ತೊಂದರ ವಿಲ್ಕಿನ್‌ಸನ್ ಅವರದು. ಎತ್ತರದ ಊರು, ಎದುರಾಳಿಯ ನೆಲ, ಎದುರಾಳಿಯ ಜನ. ಎರಡು ವರ್ಷದ ಹಿಂದೆ ಬ್ರಿಸ್ಬೇನ್‌ನಲ್ಲಿ ಅಷ್ಟು ದೊಡ್ಡ ಅವಮಾನವನ್ನು ದಾಟಿ ಬಂದಿರದಿದ್ದರೆ ಆ ಸ್ಥಿಮಿತ ಸಾಧ್ಯವಿರಲಿಲ್ಲ ಎಂದೇ ನಾನು ತಿಳಿದಿದ್ದೇನೆ. ನಾಳೆ ನನ್ನ ಹುಡುಗರಿಗೂ ಇದನ್ನೇ ಹೇಳುತ್ತೇನೆ. ಆದರೆ ಟೈನ್ ದಡದ ತಾಯಿ ಹೇಳಿದ್ದನ್ನೂ ಜೊತೆಗೆ ಹೇಳುತ್ತೇನೆ: ಸೋತು ಬಂದ ದಿನ ಬಸ್ ಸ್ಟ್ಯಾಂಡಿನಲ್ಲಿ ಮೇಷ್ಟ್ರು ಕಾದಿರಬೇಕು.

ಟೈನ್ ನದಿಯ ದಡದಿಂದ

ಈಗಿನ ಪದ್ಧತಿ ಎಷ್ಟು ಬದಲಾಗಿದೆ ನೋಡಿ. ನಾರ್ತ್‌ಹ್ಯಾಂಪ್ಟನ್‌ನ ಹೆನ್ರಿ ಪೊಲಾಕ್ 2005ರಲ್ಲಿ ಹುಟ್ಟಿದ ಹುಡುಗ. ಕ್ಲಬ್‌ನ ಅಕಾಡೆಮಿಯಲ್ಲಿ ಬೆಳೆದು, 2024ರಲ್ಲಿ ಇಂಗ್ಲೆಂಡ್‌ನ 20 ವರ್ಷದೊಳಗಿನವರ ತಂಡದೊಂದಿಗೆ ವಿಶ್ವ ಪ್ರಶಸ್ತಿ ಗೆದ್ದು, ಆಮೇಲೆ 2025ರ ಮಾರ್ಚ್‌ನಲ್ಲಿ ಕಾರ್ಡಿಫ್‌ನಲ್ಲಿ ದೊಡ್ಡವರ ತಂಡಕ್ಕೆ ಬದಲಿಯಾಗಿ ಇಳಿದ. ತಂಡ ಆಗಲೇ ವೇಲ್ಸ್ ಅನ್ನು ಬಹಳ ಹಿಂದೆ ಹಾಕಿತ್ತು. ಅವನು ಎರಡು ಟ್ರೈ ಹೊಡೆದ, ಪಂದ್ಯ 68–14ಕ್ಕೆ ಮುಗಿಯಿತು. ಅದೇ ಬೇಸಿಗೆಯಲ್ಲಿ ಬ್ರಿಟನ್ ಮತ್ತು ಐರ್ಲೆಂಡ್‌ನ ಆಯ್ದ ಆಟಗಾರರ ಲಯನ್ಸ್ ತಂಡದ ಜೊತೆ ಆಸ್ಟ್ರೇಲಿಯಾಕ್ಕೂ ಹೋದ. ಒಂದೊಂದೇ ಮೆಟ್ಟಿಲು, ಮೊದಲ ಮೆಟ್ಟಿಲುಗಳಲ್ಲಿ ತನ್ನ ವಯಸ್ಸಿನವರ ಜೊತೆ. ವಿಲ್ಕಿನ್‌ಸನ್ ತಲೆಮಾರಿಗೆ ಈ ಮೆಟ್ಟಿಲುಗಳನ್ನು ಇನ್ನೂ ಕಟ್ಟಿರಲಿಲ್ಲ.

ಹೊಸ ನೋಡುಗ

ಇಷ್ಟೆಲ್ಲ ಓದಿದ ಮೇಲೆ ಹಳೆಯ ಪಂದ್ಯಗಳನ್ನು ನೋಡಲೇಬೇಕು ಅನಿಸುತ್ತಿದೆ. ಎಲ್ಲಿಂದ ಆರಂಭಿಸಲಿ? ಸಿಡ್ನಿ ಫೈನಲ್ಲೇ ಮೊದಲು ನೋಡಲೇ?

ಹತ್ತನೇ ಅಂಗಿ

ಫೈನಲ್ ಕೊನೆಗೆ ಇರಲಿ. 1999ರ ಕಲ್ಕತ್ತಾ ಕಪ್ ಪಂದ್ಯದಿಂದ ಆರಂಭಿಸಿ, ಹನ್ನೆರಡನೇ ನಂಬರಿನ ಮೇಲೆ ಕಣ್ಣಿಡಿ. ಚೆಂಡು ಇಲ್ಲದಾಗ ಅವರು ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ಗಮನಿಸಿ. ಆಮೇಲೆ 2000ದ ಪ್ಯಾರಿಸ್, ಅದರ ನಂತರ ಬ್ಲೂಮ್‌ಫಾಂಟೇನ್. ಬ್ರಿಸ್ಬೇನ್ ಪಂದ್ಯ ಪೂರ್ತಿ ನೋಡುವ ಅಗತ್ಯವಿಲ್ಲ, ಮೊದಲರ್ಧ ಸಾಕು. ಅದರಲ್ಲಿ ಅಂಕಪಟ್ಟಿಯನ್ನು ಮರೆತು, ಎದುರಾಳಿ ಟ್ರೈ ಹೊಡೆದಾಗಲೆಲ್ಲ ಹತ್ತನೇ ನಂಬರಿನ ಹುಡುಗ ಮುಂದಿನ ಆಟಕ್ಕೆ ಹೇಗೆ ನಿಲ್ಲುತ್ತಾನೆ ಎಂದು ನೋಡಿ. ಮೇಷ್ಟ್ರ ಪಕ್ಷವೋ ನನ್ನ ಪಕ್ಷವೋ ಎಂಬುದನ್ನು ಆಮೇಲೆ ಇಲ್ಲೇ ಬಂದು ಹೇಳಿ. ಸ್ಕ್ರಮ್‌ನಲ್ಲಿ ಪೆನಾಲ್ಟಿ ಯಾಕೆ ಕೊಟ್ಟರು ಎಂಬುದು ತಿಳಿಯದಿದ್ದರೆ ಪಂದ್ಯ ಮತ್ತು ನಿಮಿಷ ಬರೆಯಿರಿ, ವಿವರಿಸುತ್ತೇನೆ.